ಹಡಗಿನ ಅವಸರಕ್ಕೆ ಎಷ್ಟು ಇಂಧನ?

ಮಂಗಳೂರಿನ ಬಳಿ ಪಣಂಬೂರಿನ ಸಮುದ್ರತೀರದಲ್ಲಿ ಸಂಜೆಯ ಹೊತ್ತು ನಿಂತವರಿಗೆ ಒಂದು ನೋಟ ಪರಿಚಿತ. ದಿಗಂತದ ಹತ್ತಿರ ಕೆಲವು ಹಡಗುಗಳು ಕದಲದೆ ನಿಂತಿರುತ್ತವೆ. ಕತ್ತಲಾದ ಮೇಲೆ ಅವುಗಳ ದೀಪಗಳು ನೀರಿನ ಮೇಲೊಂದು ಪುಟ್ಟ ಊರಿನಂತೆ ತೋರುತ್ತವೆ. ಇವು ನವಮಂಗಳೂರು ಬಂದರಿನ ಒಳಗೆ ಬರಲು ಸರದಿ ಕಾಯುತ್ತ ಲಂಗರು ಹಾಕಿದ ಹಡಗುಗಳು. ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು, ರಸಗೊಬ್ಬರ ಹೀಗೆ ಏನನ್ನೋ ಹೊತ್ತು ಬಂದಿರುತ್ತವೆ. ಧಕ್ಕೆಯಲ್ಲಿ ಜಾಗ ಖಾಲಿಯಾಗುವವರೆಗೆ ಅವು ಅಲ್ಲೇ ಇರಬೇಕು.

ಶಾಲಾ ಪ್ರವಾಸಕ್ಕೆ ಬಂದ ಮಕ್ಕಳಿಗೆ ಅದೊಂದು ಚೆಂದದ ದೃಶ್ಯ. ಆದರೆ ಭೌತವಿಜ್ಞಾನ ಓದಿದ ನೀವು ಒಂದು ಪ್ರಶ್ನೆ ಕೇಳಬಹುದು. ಇಲ್ಲಿ ಬಂದು ಎರಡು ದಿನ ಸುಮ್ಮನೆ ನಿಲ್ಲುವುದಿದ್ದರೆ ಈ ಹಡಗು ಅಷ್ಟು ವೇಗವಾಗಿ ಬಂದದ್ದೇಕೆ? ಆ ಅವಸರಕ್ಕಾಗಿ ಅದು ಎಷ್ಟು ಇಂಧನ ಸುಟ್ಟಿತು?

ಇದು ಸಣ್ಣ ಪ್ರಶ್ನೆಯಲ್ಲ. ಜಗತ್ತಿನ ವ್ಯಾಪಾರದ ಸರಕಿನಲ್ಲಿ, ಪರಿಮಾಣದ ಲೆಕ್ಕ ಹಿಡಿದರೆ, ಶೇ. 80ಕ್ಕೂ ಹೆಚ್ಚು ಪಾಲು ಸಾಗುವುದು ಸಮುದ್ರದ ಮೂಲಕ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ಲಾರಿ ಬಳಸುವ ಇಂಧನದ ಒಂದು ಚಿಕ್ಕ ಅಂಶ ಮಾತ್ರ ದೊಡ್ಡ ಹಡಗಿಗೆ ಸಾಕು. ಈ ವಿಷಯದಲ್ಲಿ ಹಡಗನ್ನು ದೂರುವಂತಿಲ್ಲ. ಆದರೂ ಒಟ್ಟು ಮೊತ್ತ ದೊಡ್ಡದು. ಅಂತಾರಾಷ್ಟ್ರೀಯ ಸಾಗರಯಾನ ಸಂಸ್ಥೆ, ಅಂದರೆ ಐ.ಎಂ.ಒ., ನಡೆಸಿದ ನಾಲ್ಕನೆಯ ಅಧ್ಯಯನದ ಪ್ರಕಾರ 2018ರಲ್ಲಿ ಹಡಗುಗಳು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಸುಮಾರು 105 ಕೋಟಿ ಟನ್. ಮಾನವ ಚಟುವಟಿಕೆಗಳಿಂದ ಹೊರಬೀಳುವ ಒಟ್ಟು ಪ್ರಮಾಣದಲ್ಲಿ ಇದು ಸುಮಾರು ಶೇ. 2.9.

ವೇಗದ ಘನ

ನೀರಿನಲ್ಲಿ ಸಾಗುವ ವಸ್ತುವಿಗೆ ನೀರು ಒಡ್ಡುವ ರೋಧವು ಸರಿಸುಮಾರಾಗಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡು ಪಟ್ಟಾದರೆ ರೋಧ ನಾಲ್ಕು ಪಟ್ಟು. ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧ ಎಂಬುದನ್ನು ನೆನಪಿಸಿಕೊಳ್ಳಿ. ಹಾಗಾಗಿ ಎಂಜಿನ್ ಒದಗಿಸಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡು ಪಟ್ಟಾದರೆ ಸಾಮರ್ಥ್ಯ ಎಂಟು ಪಟ್ಟು ಬೇಕು.

ಇದನ್ನು ಶಾಲೆಯ ನೀರಿನ ತೊಟ್ಟಿಯಲ್ಲೇ ಪರೀಕ್ಷಿಸಬಹುದು. ದೋಣಿಯಾಕಾರಕ್ಕೆ ಕೆತ್ತಿದ ಮರದ ತುಂಡಿನ ಮೂತಿಗೆ ದಾರ ಕಟ್ಟಿ, ತೊಟ್ಟಿಯ ಅಂಚಿನಲ್ಲಿಟ್ಟ ರಾಟೆಯ ಮೇಲೆ ಹಾಯಿಸಿ, ದಾರದ ಇನ್ನೊಂದು ತುದಿಗೆ ಸಣ್ಣ ತೂಕ ತೂಗುಬಿಡಿ. ತುಂಡು ಸ್ವಲ್ಪ ದೂರ ಸಾಗಿ ವೇಗ ಸ್ಥಿರವಾದ ನಂತರ ಅರ್ಧ ಮೀಟರ್ ದೂರ ಕ್ರಮಿಸಲು ಹಿಡಿಯುವ ಕಾಲವನ್ನು ಗುರುತಿಸಿಕೊಳ್ಳಿ. ಬಳಿಕ ತೂಕವನ್ನು ನಾಲ್ಕು ಪಟ್ಟು ಮಾಡಿ. ವೇಗ ನಾಲ್ಕು ಪಟ್ಟಾಗುವುದಿಲ್ಲ. ಎರಡು ಪಟ್ಟಿನ ಆಸುಪಾಸಿನಲ್ಲಿ, ಅನೇಕ ವೇಳೆ ಅದಕ್ಕೂ ಕೆಳಗೆ ನಿಲ್ಲುತ್ತದೆ. ಅದಕ್ಕೂ ಕೆಳಗೆ ಏಕೆ ಎಂಬುದಕ್ಕೆ ಉತ್ತರ ಮುಂದೆ ಬರುತ್ತದೆ.

ಈಗ ಒಂದು ಲೆಕ್ಕ. ಅಂಕಿಗಳು ಊಹೆಯವು, ಆದರೆ ಮಧ್ಯಮ ಗಾತ್ರದ ಸರಕು ಹಡಗಿಗೆ ಒಪ್ಪುವಂಥವು. ಕಲ್ಲಿದ್ದಲು ಹೊತ್ತ ಹಡಗೊಂದು 3,360 ನಾಟಿಕಲ್ ಮೈಲು ಸಾಗಬೇಕಾಗಿದೆ. ಗಂಟೆಗೆ 14 ನಾಟಿಕಲ್ ಮೈಲು, ಅಂದರೆ 14 ನಾಟ್ ವೇಗದಲ್ಲಿ ಅದಕ್ಕೆ ಸರಿಯಾಗಿ 10 ದಿನ ಬೇಕು. ಆ ವೇಗದಲ್ಲಿ ದಿನಕ್ಕೆ 30 ಟನ್ ಇಂಧನ ಉರಿಯುತ್ತದೆ ಎಂದುಕೊಳ್ಳೋಣ. ಒಟ್ಟು 300 ಟನ್. ವೇಗವನ್ನು 12 ನಾಟ್‌ಗೆ ಇಳಿಸಿದರೆ ಪ್ರಯಾಣಕ್ಕೆ 11 ದಿನ 16 ಗಂಟೆ ಹಿಡಿಯುತ್ತದೆ. ಘನದ ನಿಯಮದಂತೆ ದಿನದ ಖರ್ಚು ಸುಮಾರು 19 ಟನ್‌ಗೆ ಇಳಿಯುತ್ತದೆ. ಪ್ರಯಾಣದ ಅವಧಿ ಹೆಚ್ಚಿದರೂ ಒಟ್ಟು ಇಂಧನ ಸುಮಾರು 220 ಟನ್ ಮಾತ್ರ. 80 ಟನ್ ಉಳಿಯಿತು.

ಹಡಗಿನ ಇಂಧನತೈಲದ ತೂಕದಲ್ಲಿ ಸುಮಾರು ಶೇ. 85 ಇಂಗಾಲ. 12 ಭಾಗ ಇಂಗಾಲ 32 ಭಾಗ ಆಕ್ಸಿಜನ್ ಜೊತೆ ಕೂಡಿ 44 ಭಾಗ ಡೈಆಕ್ಸೈಡ್ ಆಗುವುದರಿಂದ ಒಂದು ಟನ್ ತೈಲ ಉರಿದರೆ 3.1 ಟನ್‌ನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ನಮ್ಮ ಹಡಗು ಎರಡು ನಾಟ್ ವೇಗ ಬಿಟ್ಟುಕೊಟ್ಟು ಸುಮಾರು 250 ಟನ್ ಡೈಆಕ್ಸೈಡನ್ನು ತಡೆಯಿತು. ಇದಕ್ಕಾಗಿ ಹೊಸ ಯಂತ್ರವನ್ನು ಕೊಳ್ಳಬೇಕಾಗಲಿಲ್ಲ.

ಹಡಗಿನ ಕಂಪನಿಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಹಡಗುಗಳು ನಿಧಾನಗೊಂಡಿದ್ದವು. ತೈಲ ಅಗ್ಗವಾದಾಗ ಮತ್ತೆ ವೇಗ ಏರಿತು. 2008ರ ಜುಲೈಯಲ್ಲಿ ಕಚ್ಚಾತೈಲದ ಬೆಲೆ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತು. ಅದರ ಬೆನ್ನಿಗೇ ಆರ್ಥಿಕ ಹಿಂಜರಿತ ಬಂದು ಸರಕು ಕಡಿಮೆಯಾಯಿತು. ಆಗ 24-25 ನಾಟ್‌ಗಳಲ್ಲಿ ಓಡುತ್ತಿದ್ದ ದೊಡ್ಡ ಕಂಟೇನರ್ ಹಡಗುಗಳು 18-20ಕ್ಕೆ ಇಳಿದವು. ಈ ಬಾರಿ ನಿಧಾನಗತಿ ರೂಢಿಯಾಗಿ ಉಳಿಯಿತು.

ನಿಧಾನವಾಗಿ ಹೋದರೆ ಅಷ್ಟೇ ಸರಕಿಗೆ ಹೆಚ್ಚು ಹಡಗುಗಳು ಬೇಕಲ್ಲವೇ ಎಂದು ನಿಮ್ಮ ತರಗತಿಯ ಜಾಣ ವಿದ್ಯಾರ್ಥಿ ಕೇಳಿಯಾನು. ಬೇಕು. ವೇಗವನ್ನು ಶೇ. 10 ಇಳಿಸಿದರೆ ಹಡಗುಗಳ ಸಂಖ್ಯೆ ಶೇ. 11ರಷ್ಟು ಏರಬೇಕು. ಆದರೆ ಪ್ರತಿ ಹಡಗಿನ ದಿನದ ಖರ್ಚು ಶೇ. 27ರಷ್ಟು ಇಳಿದಿರುತ್ತದೆ. ಎರಡನ್ನೂ ಹೊಂದಿಸಿದರೆ ನಿವ್ವಳ ಉಳಿತಾಯ ಶೇ. 19. ಮಿತಿಯೂ ಇದೆ. ಬಿರುಗಾಳಿಯಲ್ಲಿ ಚುಕ್ಕಾಣಿಯ ಹಿಡಿತ ತಪ್ಪದಷ್ಟು ವೇಗ ಹಡಗಿಗೆ ಬೇಕೇ ಬೇಕು. ತೀರಾ ಕಡಿಮೆ ಹೊರೆಯಲ್ಲಿ ಓಡುವ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ.

ಫ್ರೌಡ್ ಬಿಡಿಸಿದ ಗಂಟು

ಹಡಗು ಕಟ್ಟುವ ಮುಂಚೆಯೇ ಅದರ ರೋಧ ಎಷ್ಟೆಂದು ತಿಳಿಯುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಇದಕ್ಕೆ ಉತ್ತರವಿರಲಿಲ್ಲ. ಸಣ್ಣ ಮಾದರಿ ಮಾಡಿ ಎಳೆದು ನೋಡಿದವರು ಇದ್ದರು. ಆದರೆ ಮಾದರಿ ತೋರಿಸಿದ್ದಕ್ಕೂ ಹಡಗು ನಡೆದುಕೊಂಡದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಮಾದರಿಗಳು ಆಟಿಕೆಗಳೆಂದು ಹಿರಿಯ ಎಂಜಿನಿಯರುಗಳು ಕೈಬಿಟ್ಟಿದ್ದರು.

ಗಂಟನ್ನು ಬಿಡಿಸಿದವರು ಇಂಗ್ಲೆಂಡಿನ ವಿಲಿಯಂ ಫ್ರೌಡ್. 1810ರಲ್ಲಿ ಹುಟ್ಟಿದ ಇವರು ರೈಲ್ವೆ ಎಂಜಿನಿಯರಾಗಿ ಬ್ರೂನೆಲ್ ಕೈಕೆಳಗೆ ದುಡಿದವರು. 1860ರ ದಶಕದಲ್ಲಿ ಡಾರ್ಟ್ ನದಿಯಲ್ಲಿ 'ಹಂಸ' ಮತ್ತು 'ಕಾಗೆ' ಎಂಬರ್ಥದ ಹೆಸರಿನ ಎರಡು ಆಕಾರಗಳ ಮಾದರಿಗಳನ್ನು ಬೇರೆ ಬೇರೆ ಗಾತ್ರಗಳಲ್ಲಿ ಮಾಡಿ ಎಳೆದರು. ಕಾಗೆಯ ಮೂತಿ ಚೂಪು, ಹಂಸದ್ದು ದುಂಡು. ಚೂಪು ಮೂತಿಯೇ ಗೆಲ್ಲಬೇಕೆಂದು ಯಾರಾದರೂ ಹೇಳುತ್ತಿದ್ದರು. ಹೆಚ್ಚಿನ ವೇಗದಲ್ಲಿ ಗೆದ್ದದ್ದು ದುಂಡು ಮೂತಿಯ ಹಂಸ.

ಫ್ರೌಡ್ ಕಂಡದ್ದು ಇದು: ನೀರಿನ ರೋಧ ಒಂದೇ ಅಲ್ಲ, ಎರಡು. ಒಂದು, ಹಡಗಿನ ಒಡಲಿನ ಮೈಗೆ ನೀರು ಉಜ್ಜುವುದರಿಂದ ಬರುವ ಘರ್ಷಣಾರೋಧ. ಇನ್ನೊಂದು, ಹಡಗು ಮುಂದೆ ಸಾಗುವಾಗ ಎಬ್ಬಿಸುವ ಅಲೆಗಳಿಗಾಗಿ ಖರ್ಚಾಗುವ ಶಕ್ತಿ, ಅಲೆರೋಧ. ಸುಳಿಗಳಿಂದ ಬರುವ ಅಲ್ಪಸ್ವಲ್ಪವನ್ನೂ ಇದರೊಂದಿಗೇ ಸೇರಿಸಿಕೊಳ್ಳಬಹುದು. ಇವೆರಡೂ ಬೇರೆ ಬೇರೆ ನಿಯಮಗಳನ್ನು ಪಾಲಿಸುತ್ತವೆ. ಎರಡನ್ನೂ ಒಟ್ಟಿಗೇ ಹಿಗ್ಗಿಸಿ ನೋಡಿದ್ದರಿಂದಲೇ ಹಿಂದಿನವರ ಲೆಕ್ಕ ತಪ್ಪಿತ್ತು.

ಅಲೆರೋಧಕ್ಕೆ ಮಾದರಿ ಸರಿಯಾಗಿ ಒಗ್ಗುತ್ತದೆ, ಒಂದು ಷರತ್ತಿನ ಮೇಲೆ. ಮಾದರಿಯ ವೇಗವನ್ನು ಉದ್ದದ ವರ್ಗಮೂಲದ ಅನುಪಾತದಲ್ಲಿ ತಗ್ಗಿಸಬೇಕು. 200 ಮೀಟರ್ ಹಡಗಿಗೆ 8 ಮೀಟರ್ ಮಾದರಿ ಮಾಡಿದರೆ ಅಳತೆ ಇಪ್ಪತ್ತೈದನೇ ಒಂದು. ಹಡಗಿನ 15 ನಾಟ್ ವೇಗಕ್ಕೆ ಮಾದರಿಯಲ್ಲಿ 3 ನಾಟ್. ಆಗ ಮಾದರಿಯ ಸುತ್ತ ಏಳುವ ಅಲೆಗಳು ಹಡಗಿನ ಅಲೆಗಳ ಯಥಾವತ್ ಪುಟ್ಟ ನಕಲುಗಳಾಗಿರುತ್ತವೆ. ಅಲ್ಲಿ ಅಳೆದ ಅಲೆರೋಧವನ್ನು 25ರ ಘನದಿಂದ, ಅಂದರೆ 15,625ರಿಂದ ಗುಣಿಸಿದರೆ ಹಡಗಿನ ಅಲೆರೋಧ ಸಿಗುತ್ತದೆ. ಘರ್ಷಣೆಯನ್ನು ಮಾತ್ರ ಬೇರೆಯಾಗಿ ಲೆಕ್ಕ ಹಾಕಬೇಕು. ಅದಕ್ಕಾಗಿ ಫ್ರೌಡ್ ಬೇರೆ ಬೇರೆ ಉದ್ದದ, ಬೇರೆ ಬೇರೆ ಮೈಯ ಹಲಗೆಗಳನ್ನು ನೀರಿನಲ್ಲಿ ಎಳೆದು ಕೋಷ್ಟಕಗಳನ್ನೇ ಮಾಡಿದರು.

ಬ್ರಿಟಿಷ್ ನೌಕಾಡಳಿತ ಕೊಟ್ಟ ಹಣದಿಂದ ಟಾರ್ಕೀ ಊರಿನ ತಮ್ಮ ಮನೆಯ ಹತ್ತಿರ ಅವರು ಕಟ್ಟಿಸಿದ ಉದ್ದನೆಯ ತೊಟ್ಟಿ 1872ರಲ್ಲಿ ಕೆಲಸ ಆರಂಭಿಸಿತು. ಮಾದರಿಗಳನ್ನು ಮೇಣದಿಂದ ಮಾಡುತ್ತಿದ್ದರು. ಕೆತ್ತುವುದು ಸುಲಭ, ಕೆಲಸ ಮುಗಿದ ಮೇಲೆ ಕರಗಿಸಿ ಮತ್ತೆ ಬಳಸಬಹುದು. ತಮ್ಮ ಲೆಕ್ಕ ನಿಜವೇ ಎಂದು ನೋಡಲು 'ಗ್ರೇಹೌಂಡ್' ಎಂಬ ನಿಜವಾದ ಯುದ್ಧನೌಕೆಯನ್ನು ಇನ್ನೊಂದು ನೌಕೆಯಿಂದ ಎಳೆಸಿ ಹಗ್ಗದ ಬಿಗಿತವನ್ನೇ ಅಳೆದರು. ಲೆಕ್ಕ ಕೂಡಿಬಂತು. ಇಂದಿಗೂ ಜಗತ್ತಿನ ಪ್ರಮುಖ ಹಡಗು ವಿನ್ಯಾಸಗಳು ಇಂಥ ತೊಟ್ಟಿಯಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ನಮ್ಮಲ್ಲಿ ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲೂ ಮದರಾಸಿನ ಐ.ಐ.ಟಿ.ಯಲ್ಲೂ ಇಂಥ ತೊಟ್ಟಿಗಳಿವೆ.

ಅಲೆಯ ಉದ್ದಕ್ಕೂ ವೇಗಕ್ಕೂ ಇರುವ ಸಂಬಂಧ ಸರಳ. ವೇಗದ ವರ್ಗವನ್ನು ಎರಡು ಪೈಯಿಂದ ಗುಣಿಸಿ, ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿದರೆ ಹಡಗು ಎಬ್ಬಿಸುವ ಮುಖ್ಯ ಅಲೆಯ ಉದ್ದ ಬರುತ್ತದೆ. 14 ನಾಟ್‌ಗೆ ಇದು 33 ಮೀಟರ್, 24 ನಾಟ್‌ಗೆ 98 ಮೀಟರ್. ಈಗ 10 ಮೀಟರ್ ಉದ್ದದ ಮೀನುಗಾರಿಕೆಯ ದೋಣಿಯೊಂದನ್ನು ನೆನೆಯಿರಿ. ಗಂಟೆಗೆ ಸುಮಾರು 14 ಕಿಲೋಮೀಟರ್ ವೇಗದಲ್ಲಿ ಅದರ ಅಲೆಯೂ 10 ಮೀಟರ್ ಉದ್ದವಾಗುತ್ತದೆ. ಒಂದು ಉಬ್ಬು ಮೂತಿಯಲ್ಲಿ, ಇನ್ನೊಂದು ಹಿಂಬದಿಯಲ್ಲಿ. ಅದಕ್ಕಿಂತ ವೇಗ ಹೆಚ್ಚಿಸಿದರೆ ಹಿಂಬದಿಯು ಅಲೆಯ ತಗ್ಗಿಗೆ ಇಳಿದು, ದೋಣಿ ತಾನೇ ಎಬ್ಬಿಸಿದ ದಿಣ್ಣೆಯನ್ನು ತಾನೇ ಹತ್ತಬೇಕಾಗುತ್ತದೆ. ಆಗ ರೋಧ ವರ್ಗದ ನಿಯಮವನ್ನೂ ಮೀರಿ ಜಿಗಿಯುತ್ತದೆ. ನಿಮ್ಮ ತೊಟ್ಟಿಯ ಮರದ ತುಂಡು ನಿರೀಕ್ಷೆಗಿಂತ ಹಿಂದೆ ಬಿದ್ದದ್ದು ಇದಕ್ಕೇ. 200 ಮೀಟರ್ ಹಡಗಿಗೆ ಈ ತೊಡಕು ಬರುವುದು 34 ನಾಟ್ ಹತ್ತಿರ. ಉದ್ದವೇ ಅದಕ್ಕೆ ವರ. ಜೊತೆಗೆ, ಉದ್ದ ಅಗಲ ಆಳ ಮೂರೂ ಎರಡು ಪಟ್ಟಾದರೆ ನೀರಿಗೆ ತಾಗುವ ಮೈ ನಾಲ್ಕು ಪಟ್ಟು, ಹೊರುವ ಸರಕು ಎಂಟು ಪಟ್ಟು. ಹಡಗುಗಳು ಏಕೆ ದೈತ್ಯವಾಗುತ್ತ ಹೋದವು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮೂತಿಯ ಉಬ್ಬು

ಖಾಲಿ ಹಡಗಿನ ಮೂತಿಯ ಕೆಳಗೆ ಕುಂಬಳಕಾಯಿಯಂತೆ ಮುಂಚಾಚಿದ ಉಬ್ಬನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಯಾವುದನ್ನೋ ಗುದ್ದುವುದಕ್ಕೆ ಇಟ್ಟದ್ದೆಂದು ತಿಳಿಯುವವರಿದ್ದಾರೆ. ಅದರ ಕೆಲಸ ಅಲೆಯನ್ನು ಅಲೆಯಿಂದಲೇ ಅಳಿಸುವುದು. ನೀರಿನೊಳಗೆ ಮುಳುಗಿರುವ ಉಬ್ಬು ತನ್ನದೇ ಒಂದು ಅಲೆಯನ್ನು ಎಬ್ಬಿಸುತ್ತದೆ. ಉಬ್ಬಿನ ಗಾತ್ರ, ಸ್ಥಾನಗಳನ್ನು ಸರಿಯಾಗಿ ಆರಿಸಿದರೆ ಅದರ ಅಲೆಯ ತಗ್ಗು ಮೂತಿಯ ಅಲೆಯ ದಿಣ್ಣೆಯ ಮೇಲೆ ಬಂದು ಕೂರುತ್ತದೆ. ಬೆಳಕಿನ ವ್ಯತಿಕರಣದ ಪಾಠದಲ್ಲಿ ಎರಡು ಅಲೆಗಳು ಸೇರಿ ಕತ್ತಲಾಗುವುದನ್ನು ಕಲಿಸುತ್ತೇವಲ್ಲ, ಅದೇ ಇದು.

ಅಮೆರಿಕದ ನೌಕಾ ವಿನ್ಯಾಸಕ ಡೇವಿಡ್ ಟೇಲರ್ 1910ರಲ್ಲಿ ಸೇವೆಗೆ ಬಂದ 'ಡೆಲಾವೇರ್' ಯುದ್ಧನೌಕೆಗೆ ಇಂಥ ಮೂತಿ ಕೊಟ್ಟರು. ಮುಂದೆ ಜಪಾನಿನ ತಕಾವೊ ಇನುಯಿ ಅಲೆಗಳ ಲೆಕ್ಕದಿಂದ ಉಬ್ಬನ್ನು ರೂಪಿಸುವ ದಾರಿ ತೋರಿಸಿದ ಮೇಲೆ ಅದು ಸರಕು ಹಡಗುಗಳಿಗೂ ಬಂತು.

ಆದರೆ ಅಲೆಯ ಉದ್ದ ವೇಗದೊಡನೆ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. 24 ನಾಟ್‌ಗೆ ಹೊಂದಿಸಿದ ಉಬ್ಬು 18 ನಾಟ್‌ನಲ್ಲಿ ಅಲೆಯನ್ನು ಅಳಿಸುವುದಿಲ್ಲ, ಕೆಲವೊಮ್ಮೆ ಹೆಚ್ಚಿಸುತ್ತದೆ. 2008ರ ನಂತರ ಹಡಗುಗಳು ನಿಧಾನಗೊಂಡಾಗ ಹೀಗೇ ಆಯಿತು. ಇಂಧನ ಉಳಿಸಲೆಂದು ಇಟ್ಟ ಉಬ್ಬು ಇಂಧನ ತಿನ್ನತೊಡಗಿತು. ಹೀಗಾಗಿ ಮೇರ್ಸ್ಕ್ ಮೊದಲಾದ ಕಂಪನಿಗಳು ಓಡುತ್ತಿದ್ದ ಹಡಗುಗಳ ಮೂತಿಯನ್ನೇ ಕತ್ತರಿಸಿ ಬೇರೆ ಮೂತಿ ಬೆಸೆದವು. ಯಾವುದೋ ಒಂದು ಸ್ಥಿತಿಗೆ ಅತ್ಯುತ್ತಮವಾದದ್ದು ಸ್ಥಿತಿ ಬದಲಾದಾಗ ಹೊರೆಯಾಗುವ ಇಂಥ ಉದಾಹರಣೆಗಳು ಎಂಜಿನಿಯರಿಂಗ್‌ನಲ್ಲಿ ಬಹಳ. ಇಷ್ಟು ಕಣ್ಣಿಗೆ ಕಾಣುವಂಥದು ಅಪರೂಪ.

ಡೇವಿಯ ತಾಮ್ರ

ನಿಧಾನವಾಗಿ ಸಾಗುವ ತೈಲ, ಕಲ್ಲಿದ್ದಲು ಹಡಗುಗಳಲ್ಲಿ ಅಲೆಗಿಂತ ಘರ್ಷಣೆಯದೇ ದೊಡ್ಡ ಪಾಲು, ಒಟ್ಟು ರೋಧದ ಶೇ. 70ರಿಂದ 90ರಷ್ಟು. ಹಾಗಾಗಿ ಒಡಲಿನ ಮೈ ನುಣುಪಾಗಿರಬೇಕು. ಸಮುದ್ರ ಅದಕ್ಕೆ ಬಿಡುವುದಿಲ್ಲ. ನೀರಿಗಿಳಿದ ಯಾವುದೇ ವಸ್ತುವಿನ ಮೇಲೆ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾಗಳ ಲೋಳೆ ಕಟ್ಟುತ್ತದೆ, ಆಮೇಲೆ ಪಾಚಿ, ಆಮೇಲೆ ಬಾರ್ನಕಲ್ ಎಂಬ ಸುಣ್ಣದ ಗೂಡಿನ ಜೀವಿ. ಅರ್ಧ ಮಿಲಿಮೀಟರ್ ದಪ್ಪದ ಲೋಳೆ ಒಡಲಿನ ಅರ್ಧ ಭಾಗಕ್ಕೆ ಹಬ್ಬಿದರೂ ಇಂಧನದ ಖರ್ಚು ಐದನೇ ಒಂದು ಭಾಗದಷ್ಟು ಅಥವಾ ಇನ್ನೂ ಹೆಚ್ಚು ಏರಬಹುದೆಂದು ಅಧ್ಯಯನಗಳು ಹೇಳುತ್ತವೆ.

ಇದರ ವಿರುದ್ಧದ ಹೋರಾಟದಲ್ಲಿ ರಸಾಯನವಿಜ್ಞಾನದ ಶಿಕ್ಷಕರು ತಪ್ಪದೆ ಹೇಳಬೇಕಾದ ಒಂದು ಕಥೆಯಿದೆ. ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಮರದ ನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿತು. ಮರ ಕೊರೆಯುವ ಹುಳು ಬರಲಿಲ್ಲ, ಪಾಚಿ ಬಾರ್ನಕಲ್‌ಗಳೂ ಅಂಟಲಿಲ್ಲ. ಕ್ರಮೇಣ ಇಡೀ ನೌಕಾಪಡೆಗೆ ತಾಮ್ರದ ಕವಚ ಬಂತು. ಆದರೆ ಉಪ್ಪುನೀರಿನಲ್ಲಿ ತಾಮ್ರ ಸವೆಯುತ್ತಿತ್ತು, ದುಬಾರಿ ಲೋಹ. ಸವೆತ ತಡೆಯಲು ಉಪಾಯ ಕೇಳಿದ್ದು ಹಂಫ್ರಿ ಡೇವಿಯವರನ್ನು, ಆಗ ರಾಯಲ್ ಸೊಸೈಟಿಯ ಅಧ್ಯಕ್ಷರು.

1824ರಲ್ಲಿ ಡೇವಿ ಉತ್ತರ ಕೊಟ್ಟರು. ತಾಮ್ರಕ್ಕೆ ಅಲ್ಲಲ್ಲಿ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿ. ಅವು ಹೆಚ್ಚು ಕ್ರಿಯಾಶೀಲ ಲೋಹಗಳು. ಸಮುದ್ರದ ನೀರಿನಲ್ಲಿ ಅವು ಕರಗಿ ತಾಮ್ರವನ್ನು ಉಳಿಸುತ್ತವೆ. ಪ್ರಯೋಗಾಲಯದಲ್ಲಿ ಅದು ಪೂರ್ಣ ಸಫಲವಾಯಿತು. ಹಡಗುಗಳ ಮೇಲೆಯೂ ತಾಮ್ರ ಸವೆಯುವುದು ನಿಂತಿತು. ಆದರೆ ಯಾನ ಮುಗಿಸಿ ಬಂದ ಹಡಗುಗಳ ತಳದಲ್ಲಿ ಪಾಚಿ, ಬಾರ್ನಕಲ್‌ಗಳು ಮುತ್ತಿದ್ದವು! ಜೀವಿಗಳನ್ನು ದೂರ ಇಟ್ಟಿದ್ದು ತಗಡಲ್ಲ, ಕರಗಿ ನೀರಿಗೆ ಬೀಳುತ್ತಿದ್ದ ತಾಮ್ರದ ಅಯಾನುಗಳು. ಸವೆತ ನಿಲ್ಲಿಸಿದ ಡೇವಿ ಅದರ ವಿಷವನ್ನೂ ನಿಲ್ಲಿಸಿದ್ದರು. ಅವರ ತುಂಡುಗಳನ್ನು ಕಿತ್ತು ಹಾಕಲಾಯಿತು. ಅದೇ ತತ್ತ್ವದ ಸತುವಿನ ತುಂಡುಗಳು ಇಂದು ಉಕ್ಕಿನ ಹಡಗುಗಳನ್ನು ತುಕ್ಕಿನಿಂದ ಕಾಯುತ್ತಿವೆ ಎಂಬುದು ಡೇವಿಯವರಿಗೆ ತಡವಾಗಿ ಸಿಕ್ಕ ನ್ಯಾಯ.

ಇಪ್ಪತ್ತನೆಯ ಶತಮಾನದಲ್ಲಿ ತವರದ ಸಂಯುಕ್ತವಾದ ಟ್ರೈಬ್ಯುಟೈಲ್ ಟಿನ್ ಬೆರೆಸಿದ ಬಣ್ಣ ಬಂತು. ಇದರಷ್ಟು ಪರಿಣಾಮಕಾರಿ ಬಣ್ಣ ಹಿಂದೆ ಇರಲಿಲ್ಲ. ಆದರೆ ಅದು ಹಡಗಿನ ತಳಕ್ಕೆ ಅಂಟದ ಜೀವಿಗಳನ್ನೂ ಬಿಡಲಿಲ್ಲ. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯ ಸಿಂಪಿಗಳು ವಿಕಾರವಾಗಿ ಬೆಳೆದವು, ಮರಿಗಳು ಉಳಿಯಲಿಲ್ಲ. ಬೇರೆಡೆ ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗಗಳು ಬೆಳೆದವು. 2001ರಲ್ಲಿ ಒಪ್ಪಿದ ಅಂತಾರಾಷ್ಟ್ರೀಯ ಒಡಂಬಡಿಕೆ 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದು ಅದನ್ನು ನಿಷೇಧಿಸಿತು. ಈಗ ಬಳಕೆಯಲ್ಲಿರುವವು ಮುಖ್ಯವಾಗಿ ತಾಮ್ರದ ಬಣ್ಣಗಳು. ಜೊತೆಗೆ ಜೀವಿಗಳು ಹಿಡಿತ ಸಿಗದೆ ಜಾರಿಬೀಳುವ ಸಿಲಿಕೋನ್ ಲೇಪಗಳೂ ಇವೆ. ಈ ಲೇಪಗಳಿಗೆ ಒಂದು ಕೊರತೆಯಿದೆ, ಅದನ್ನು ನೆನಪಿಟ್ಟುಕೊಳ್ಳಿ: ಹಡಗು ಚಲಿಸುತ್ತಿದ್ದರೆ ಮಾತ್ರ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಬೆಚ್ಚಗಿನ ಸಮುದ್ರದಲ್ಲಿ ವಾರಗಟ್ಟಲೆ ಲಂಗರು ಹಾಕಿ ನಿಂತ ಹಡಗು ಬಾರ್ನಕಲ್‌ಗಳಿಗೆ ಬಂಡೆಯಿದ್ದಂತೆ.

ಎಂಜಿನ್, ಪ್ರೊಪೆಲ್ಲರ್, ಗಾಳಿ

ಎಂಜಿನ್ನಿನಲ್ಲಿ ಇನ್ನು ಹೆಚ್ಚು ಹಿಂಡುವಂಥದು ಉಳಿದಿಲ್ಲ. ದೊಡ್ಡ ಹಡಗಿನ ಎರಡು ಹೊಡೆತದ ಡೀಸೆಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಸುಮಾರು ಅರ್ಧವನ್ನು ಕೆಲಸವಾಗಿ ಮಾರ್ಪಡಿಸುತ್ತದೆ. ಕಾರಿನ ಎಂಜಿನ್‌ಗಳು ಇದರ ಹತ್ತಿರ ಬರುವುದಿಲ್ಲ. 2006ರಲ್ಲಿ ಸಮುದ್ರಕ್ಕಿಳಿದ 'ಎಮ್ಮಾ ಮೇರ್ಸ್ಕ್' ಹಡಗಿನ ಎಂಜಿನ್‌ಗೆ 14 ಸಿಲಿಂಡರುಗಳು, ಒಂದೊಂದರ ವ್ಯಾಸ 96 ಸೆಂಟಿಮೀಟರ್, ಒಟ್ಟು ಸಾಮರ್ಥ್ಯ ಸುಮಾರು 80 ಮೆಗಾವಾಟ್. ನಮ್ಮ ಲಿಂಗನಮಕ್ಕಿ ಅಣೆಕಟ್ಟೆಯ ಬುಡದ ವಿದ್ಯುದಾಗಾರದ ಸಾಮರ್ಥ್ಯ 55 ಮೆಗಾವಾಟ್ ಎಂದು ನೆನೆದರೆ ಗಾತ್ರದ ಅಂದಾಜು ಬರುತ್ತದೆ.

ಈ ಎಂಜಿನ್ ನಿಮಿಷಕ್ಕೆ ಸುಮಾರು ನೂರು ಸುತ್ತು ಮಾತ್ರ ತಿರುಗುತ್ತದೆ. ಕಾರಣ ಪ್ರೊಪೆಲ್ಲರ್. ಹಡಗನ್ನು ಮುಂದೂಡುವುದು ಹಿಂದಕ್ಕೆ ತಳ್ಳಿದ ನೀರಿನ ಸಂವೇಗ, ದ್ರವ್ಯರಾಶಿ ಗುಣಿಸು ವೇಗ. ಆದರೆ ಆ ನೀರಿಗೆ ಕೊಡಬೇಕಾದ ಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. ಎರಡು ಪಟ್ಟು ನೀರನ್ನು ಅರ್ಧ ವೇಗದಲ್ಲಿ ತಳ್ಳಿದರೆ ಸಂವೇಗ ಅಷ್ಟೇ, ಶಕ್ತಿ ಅರ್ಧ. ಆದ್ದರಿಂದ ಪ್ರೊಪೆಲ್ಲರ್ ದೊಡ್ಡದಿರಬೇಕು, ನಿಧಾನ ತಿರುಗಬೇಕು.

ಇನ್ನು ಗಾಳಿ. ಮಾನ್ಸೂನ್ ಗಾಳಿಯನ್ನು ನಂಬಿ ಪತ್ತೇಮಾರಿಗಳು ಓಡಾಡಿದ ಕರಾವಳಿ ನಮ್ಮದು. ಹಾಯಿ ಈಗ ಬೇರೆ ವೇಷದಲ್ಲಿ ಮರಳುತ್ತಿದೆ. ಜರ್ಮನಿಯ ಆಂಟನ್ ಫ್ಲೆಟ್ನರ್ 1924ರಲ್ಲಿ 'ಬುಕಾವ್' ಹಡಗಿನ ಮೇಲೆ ಎರಡು ತಿರುಗುವ ಕಂಬಗಳನ್ನು ನಿಲ್ಲಿಸಿದರು. ತಿರುಗುವ ಉರುಳೆಯ ಮೇಲೆ ಗಾಳಿ ಬೀಸಿದರೆ ಗಾಳಿಗೆ ಅಡ್ಡಲಾಗಿ ಬಲ ಹುಟ್ಟುತ್ತದೆ. ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲಿ ಬಾಗುವುದೂ ಇದೇ ಮ್ಯಾಗ್ನಸ್ ಪರಿಣಾಮದಿಂದ. ಅಗ್ಗದ ತೈಲದ ಎದುರು ಅದು ಆಗ ನಿಲ್ಲಲಿಲ್ಲ. 2018ರಲ್ಲಿ 'ಮೇರ್ಸ್ಕ್ ಪೆಲಿಕನ್' ಎಂಬ ತೈಲ ಹಡಗಿನ ಮೇಲೆ 30 ಮೀಟರ್ ಎತ್ತರದ ಅಂಥ ಎರಡು ಕಂಬಗಳನ್ನು ಇರಿಸಿ ಒಂದು ವರ್ಷ ಅಳೆದಾಗ ಇಂಧನದಲ್ಲಿ ಶೇ. 8.2 ಉಳಿಯಿತು.

ಮತ್ತೆ ಲಂಗರಿನ ಬಳಿಗೆ

ಮೂತಿ ಬದಲಿಸಿದರೆ, ಲೇಪ ಹಚ್ಚಿದರೆ, ಕಂಬ ನಿಲ್ಲಿಸಿದರೆ ಸಿಗುವ ಉಳಿತಾಯಕ್ಕೆ ಕೋಟಿಗಟ್ಟಲೆ ಹಣ ಬೇಕು. ಅವುಗಳಲ್ಲಿ ಹೆಚ್ಚಿನವು ಒಂದಂಕಿಯ ಶೇಕಡಾ. ವೇಗ ತಗ್ಗಿಸಿ ಸರಿಯಾದ ಹೊತ್ತಿಗೆ ಬಂದರೆ ಸಿಗುವುದು ಇದಕ್ಕಿಂತ ದೊಡ್ಡದು. ಹಾಗಿದ್ದರೂ ಹಡಗುಗಳು ಓಡೋಡಿ ಬಂದು ಕಾಯುವುದೇಕೆ?

ಕಾರಣ ಭೌತವಿಜ್ಞಾನದಲ್ಲಿಲ್ಲ, ಬಾಡಿಗೆ ಕರಾರಿನಲ್ಲಿದೆ. ಒಂದು ಯಾನಕ್ಕೆಂದು ಹಡಗನ್ನು ಬಾಡಿಗೆಗೆ ಕೊಡುವ ಹಳೆಯ ಮಾದರಿಯ ಕರಾರು, ಹಡಗು ಸಾಧ್ಯವಾದಷ್ಟು ಬೇಗ ತಲುಪಬೇಕೆಂದು ಹೇಳುತ್ತದೆ. ತಲುಪಿದ ಕೂಡಲೇ ಕಪ್ತಾನ 'ನಾವು ಸಿದ್ಧ' ಎಂಬ ಸೂಚನಾಪತ್ರ ಕೊಡುತ್ತಾನೆ. ಅಲ್ಲಿಂದ ಗಡಿಯಾರ ಆರಂಭ. ಒಪ್ಪಿದ ಅವಧಿ ಮೀರಿ ಕಾದರೆ ಮಾಲೀಕನಿಗೆ ಡೆಮರೇಜ್ ಹಣ ಬರುತ್ತದೆ. ಮೊದಲು ಬಂದವರಿಗೆ ಮೊದಲ ಸರದಿ ಎಂಬ ಬಂದರುಗಳಲ್ಲಿ ನಿಧಾನಿಸಿದವನು ಸಾಲಿನಲ್ಲಿ ಹಿಂದೆ ಬೀಳುತ್ತಾನೆ. ಹಡಗನ್ನು ಕಾಲಾವಧಿಗೆ ಬಾಡಿಗೆ ಕೊಟ್ಟಿದ್ದರೆ ಇಂಧನದ ಖರ್ಚು ಬಾಡಿಗೆದಾರನದು, ಒಳ್ಳೆಯ ಲೇಪ ಹಚ್ಚುವ ಖರ್ಚು ಮಾಲೀಕನದು. ಒಬ್ಬನ ಹಣದಿಂದ ಇನ್ನೊಬ್ಬನ ಇಂಧನ ಉಳಿಯಬೇಕು. ಯಾರಿಗೆ ಉತ್ಸಾಹ?

ಇದು ಎಲ್ಲಿಗೆ ಮುಟ್ಟಬಹುದೆಂಬುದನ್ನು ಆಸ್ಟ್ರೇಲಿಯಾದ ನ್ಯೂಕಾಸಲ್ ಬಂದರು ತೋರಿಸಿತು. 2007ರ ಜೂನ್‌ನಲ್ಲಿ ಕಲ್ಲಿದ್ದಲು ತುಂಬಿಕೊಳ್ಳಲು ಅಲ್ಲಿ ಐವತ್ತಕ್ಕೂ ಹೆಚ್ಚು ಹಡಗುಗಳು ತೀರದಾಚೆ ಸಾಲುಗಟ್ಟಿದ್ದವು. ಜೂನ್ 8ರಂದು ಬಿರುಗಾಳಿ ಬೀಸಿ 'ಪಾಷಾ ಬಲ್ಕರ್' ಎಂಬ ಖಾಲಿ ಹಡಗು ನಗರದ ಕಡಲತೀರಕ್ಕೇ ಬಂದು ಬಡಿಯಿತು. ಅದನ್ನು ಎಳೆದು ಬಿಡಿಸಲು ವಾರಗಳೇ ಹಿಡಿದವು. ಮುಂದಿನ ವರ್ಷಗಳಲ್ಲಿ ಆ ಬಂದರು ಸರದಿಯ ಪದ್ಧತಿಯನ್ನೇ ಬದಲಿಸಿತು. ದೂರದಲ್ಲಿರುವಾಗಲೇ ಹಡಗಿಗೆ ಸರದಿ ಗೊತ್ತಾಗುತ್ತದೆ, ಓಡಿಬಂದರೆ ಲಾಭವಿಲ್ಲ. ಕರಾರುಗಳಲ್ಲೂ ಸಕಾಲದ ಆಗಮನಕ್ಕೆ ಅವಕಾಶ ಕೊಡುವ ಷರತ್ತುಗಳು ಬಂದಿವೆ. ಆದರೆ ಮಾಲೀಕ, ಬಾಡಿಗೆದಾರ, ಸರಕಿನ ಒಡೆಯ, ಬಂದರು, ಈ ನಾಲ್ವರೂ ಒಪ್ಪಿದರೆ ಮಾತ್ರ ಅವು ನಡೆಯುತ್ತವೆ.

ನಿಯಮಗಳೂ ಬಿಗಿಯಾಗುತ್ತಿವೆ. ಹೊಸ ಹಡಗುಗಳ ವಿನ್ಯಾಸಕ್ಕೆ 2013ರಿಂದ ಇಂಧನ ದಕ್ಷತೆಯ ಸೂಚ್ಯಂಕ ಕಡ್ಡಾಯ. 2023ರಿಂದ ದೊಡ್ಡ ಹಡಗುಗಳ ವರ್ಷದ ನಡೆಗೆ ಎ ಯಿಂದ ಇ ವರೆಗಿನ ಶ್ರೇಣಿ ಕೊಡಲಾಗುತ್ತಿದೆ. ಶಾಲೆಯ ಅಂಕಪಟ್ಟಿಯಂತೆ ಇದಕ್ಕೂ ಒಂದು ವಿಚಿತ್ರ ದೋಷವಿದೆ. ಲೆಕ್ಕಕ್ಕೆ ಹಿಡಿಯುವುದು ಹಡಗಿನ ಹೊರುವ ಸಾಮರ್ಥ್ಯವನ್ನು, ನಿಜವಾಗಿ ಹೊತ್ತ ಸರಕನ್ನಲ್ಲ. ಖಾಲಿ ಓಡಿದ ಹಡಗು ಕಡಿಮೆ ಇಂಧನ ಸುಟ್ಟು ಒಳ್ಳೆಯ ಶ್ರೇಣಿ ಪಡೆಯಬಹುದು! ಬಂದರಿನ ತಪ್ಪಿಗೆ ಲಂಗರು ಹಾಕಿ ಕಾದ ಹಡಗಿನ ಶ್ರೇಣಿ ಕೆಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅಂಕ ಬೇಕಾದದ್ದು ಹಡಗಿಗೆ ಮಾತ್ರವಲ್ಲ, ಬಂದರಿಗೂ. ಹಡಗಿನ ಹೊರಸೂಸುವಿಕೆಗೆ ಬೆಲೆ ಕಟ್ಟುವ ಐ.ಎಂ.ಒ. ಪ್ರಸ್ತಾವದ ಅಂಗೀಕಾರವನ್ನು 2025ರ ಅಕ್ಟೋಬರ್‌ನಲ್ಲಿ ಒಂದು ವರ್ಷ ಮುಂದೂಡಲಾಯಿತು.

ಮುಂದಿನ ಸಲ ಪಣಂಬೂರಿಗೆ ಹೋಗುವಾಗ ಒಂದು ದುರ್ಬೀನು ಒಯ್ಯಿರಿ. ಸರಕಿಳಿಸಿ ಹಗುರಾದ ಹಡಗಿನ ಮೂತಿಯ ಉಬ್ಬು ನೀರಿನ ಮೇಲೆ ಕಂಡೀತು. ತುಂಬಿದ ಹಡಗಾದರೆ, ನೀರಿನಡಿ ಉಬ್ಬಿದೆ ಎಂದು ಎಚ್ಚರಿಸುವ ಗುರುತನ್ನು ಮೂತಿಯ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ನೀರಿನ ಗೆರೆಯ ಬಳಿ ಹಸಿರು ಪಟ್ಟಿ ಇದ್ದರೆ ಅದು ಪಾಚಿ. ಅಂತಾರಾಷ್ಟ್ರೀಯ ಯಾನದ ಹಡಗುಗಳೆಲ್ಲ ತಮ್ಮ ಹೆಸರು, ಸ್ಥಾನ, ವೇಗಗಳನ್ನು ರೇಡಿಯೊ ಮೂಲಕ ಸಾರುತ್ತಿರಬೇಕೆಂಬ ನಿಯಮವಿದೆ. ಆ ಮಾಹಿತಿ ಅಂತರಜಾಲದಲ್ಲಿ ಸಿಗುತ್ತದೆ. ಒಂದು ಹಡಗನ್ನು ಆರಿಸಿಕೊಂಡು ಅದು ಎಷ್ಟು ದಿನ ಸಾಗಿತು, ಎಷ್ಟು ದಿನ ಕಾದಿತು ಎಂದು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಸಾಗಿದ ದಿನಗಳನ್ನು ಸಾಗಿದ ಮತ್ತು ಕಾದ ದಿನಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ, ಅವಸರ ಮಾಡದಿದ್ದರೆ ಸಾಕಾಗುತ್ತಿದ್ದ ಇಂಧನದ ಅಂಶ ಸಿಗುತ್ತದೆ. ಹತ್ತು ದಿನ ಸಾಗಿ ಎರಡು ದಿನ ಕಾದ ಹಡಗಿಗೆ ಆ ಸಂಖ್ಯೆ 0.69.